ಧೂಮಕೇತು ದಿಲ್ಷಾದ್

ಖಾಜಾ ಹುಸೇನರು ಬಹುಕಾಲದಿಂದ ಪ್ರಕೃತಿ ಛಾಯಾಗ್ರಾಹಕರಾಗಿದ್ದರು. ಪ್ರಕೃತಿ ಮಾತ್ರ ಅದಕ್ಕೆ ಇನ್ನೂ ಒಪ್ಪಿಗೆ ಕೊಟ್ಟಿರಲಿಲ್ಲ.

ವಾರವೆಲ್ಲ ಅವರು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ಲೇತ್ ವರ್ಕ್‌ಶಾಪಿನ ಮಾಲೀಕರು. ಭಾನುವಾರ ಮಾತ್ರ ಕುತ್ತಿಗೆಗೆ ಕ್ಯಾಮೆರಾ ತೂಗಿಸಿಕೊಂಡು ಕೊಂಡಜ್ಜಿ ಕೆರೆಯ ದಂಡೆಯಲ್ಲಿ ಬೋರಲು ಮಲಗುವ ಕಲಾವಿದರು. ಅವರು ಮಲಗಿದ ಸ್ವಲ್ಪ ಹೊತ್ತಿಗೆ ಹಕ್ಕಿ ಬಂದು ಕೂರುತ್ತಿತ್ತು. ಕನ್ನಡಕವನ್ನು ಹಣೆಗೇರಿಸಿ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಬಿಸ್ಮಿಲ್ಲಾ ಎಂದು ಗುಂಡಿ ಒತ್ತುವಷ್ಟರಲ್ಲಿ ಅದು ಹೊರಟಿರುತ್ತಿತ್ತು. ಹೀಗಾಗಿ ಸರಸ್ವತಿ ನಗರದ ಅವರ ಮನೆಯ ಗೋಡೆಯ ಮೇಲೆ ಚೌಕಟ್ಟು ಹಾಕಿಸಿ ತೂಗಿದ ಚಿತ್ರಗಳೆಲ್ಲವೂ ಬಾಲಗಳೇ. ಮಿಂಚುಳ್ಳಿಯ ನೀಲಿ ಬಾಲ, ಕಾಜಾಣದ ಕವಲು ಬಾಲ, ಕೆಂಬೂತದ ಉದ್ದನೆಯ ಬಾಲ. ಬಾಲದ ಹಿಂದೆ ವಿಶಾಲವಾದ, ನಿರ್ಮಲವಾದ, ಸಂಪೂರ್ಣ ಖಾಲಿಯಾದ ಆಕಾಶ.

ಹರಿಹರದಿಂದ ಹೆಂಡತಿಯ ತಮ್ಮ ಅಬ್ರಾರ್ ಬಂದಾಗಲೆಲ್ಲ ಆ ಗೋಡೆಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ.

“ದೂಲ್ಹಾಭಾಯ್, ಹಕ್ಕಿ ಎಲ್ರಿ?”

“ಈಗಷ್ಟೇ ಇತ್ತು,” ಎನ್ನುತ್ತಿದ್ದರು ಖಾಜಾ ಹುಸೇನರು.

ಇದೇ ಪ್ರಶ್ನೆ, ಇದೇ ಉತ್ತರ, ಪ್ರತಿ ಹಬ್ಬಕ್ಕೂ. ಪಕ್ಕದಲ್ಲಿ ಚಹಾ ಹಿಡಿದು ನಿಂತ ದಿಲ್ಷಾದ್ ಬೇಗಂ ತಮ್ಮನಿಗೂ ಏನೂ ಹೇಳಲಾರರು, ಗಂಡನಿಗೂ ಹೇಳಲಾರರು. ಗಂಡನ ಕನ್ನಡಕವನ್ನು ಮೂಗಿನಿಂದ ಎಳೆದುಕೊಂಡು ಸೆರಗಿನಲ್ಲಿ ಉಜ್ಜಿ ಉಜ್ಜಿ ಒರೆಸುತ್ತಿದ್ದರು. ಅದು ಅವರು ಸಿಟ್ಟು ನುಂಗುವ ಕ್ರಮ. ದಾವಣಗೆರೆಯಲ್ಲಿ ಅಷ್ಟು ಸ್ವಚ್ಛವಾದ ಕನ್ನಡಕ ಮತ್ತೊಂದಿರಲಿಲ್ಲ.

ಕೊನೆಗೊಂದು ದಿನ ಖಾಜಾ ಹುಸೇನರಿಗೆ ಜ್ಞಾನೋದಯವಾಯಿತು. ನಕ್ಷತ್ರಗಳಿಗೆ ರೆಕ್ಕೆಯಿಲ್ಲ! ಅವು ಕೂತಲ್ಲೇ ಕೂತಿರುತ್ತವೆ. ಛಾಯಾಗ್ರಾಹಕ ಕನ್ನಡಕ ಏರಿಸುವವರೆಗೂ, ಉಸಿರು ಬಿಗಿಹಿಡಿಯುವವರೆಗೂ ಕಾಯುತ್ತವೆ. ಕೂಡಲೇ ಒಂದು ದೂರದರ್ಶಕ ಬಂತು. ಪೆಟ್ಟಿಗೆಯ ಉದ್ದ ನೋಡಿ ದಿಲ್ಷಾದ್ ಬೇಗಂ, “ಇದು ಮಂಚದ ಮೇಲೆ ಮಲಗಿದ್ರೆ ನಾನೆಲ್ಲಿ ಮಲಗ್ಲಿ?” ಎಂದರು. ಖಾಜಾ ಹುಸೇನರಿಗೆ ಕೇಳಿಸಲಿಲ್ಲ. ಅವರು ಜೊತೆಗೆ ಬಂದಿದ್ದ ಕೈಪಿಡಿಯ ಮೊದಲ ಪುಟದಲ್ಲಿ ಮುಳುಗಿದ್ದರು. ಎರಡನೆಯ ಪುಟಕ್ಕೆ ಅವರು ಎಂದೂ ಹೋಗಲಿಲ್ಲ. ಮೊದಲ ಪುಟದಲ್ಲಿದ್ದ ಒಂದು ಸಾಲು ಅವರನ್ನು ಅಲ್ಲಿಯೇ ತಡೆದು ನಿಲ್ಲಿಸಿತ್ತು: ಮುಂಭಾಗದ ಮಸೂರವನ್ನು ಮುಟ್ಟಬಾರದು.

ಅಂದಿನಿಂದ ಅದು ಮನೆಯ ಕಾನೂನಾಯಿತು. ಹೆಂಡತಿಗೆ ಹೇಳಿದರು, ಹಾಲಿನವನಿಗೆ ಹೇಳಿದರು, ಪಕ್ಕದ ಮನೆಯ ಸೂರಪ್ಪನವರಿಗೆ ಕಾಂಪೌಂಡಿನ ಮೇಲಿಂದ ಕೂಗಿ ಹೇಳಿದರು. ಸ್ವತಃ ತಾವೂ ಮಸೂರದ ಮುಚ್ಚಳ ತೆಗೆಯುವಾಗ ಮುಖವನ್ನು ಅತ್ತ ತಿರುಗಿಸಿಕೊಳ್ಳುತ್ತಿದ್ದರು. ನೋಡಿದರೆ ಮುಟ್ಟುವ ಆಸೆಯಾದೀತೆಂಬ ಭಯ.

ದೂರದರ್ಶಕದ ಜೊತೆ ಬಂದ ಸ್ಟ್ಯಾಂಡು ಗಾಳಿಗೆ ನಡುಗುತ್ತಿತ್ತು. ಲೇತ್ ಇಟ್ಟುಕೊಂಡವರಿಗೆ ಇದೊಂದು ಅವಮಾನ. ದೂರದರ್ಶಕವನ್ನು ವರ್ಕ್‌ಶಾಪಿಗೆ ಒಯ್ದು, ಅಲ್ಲಿಯ ಹಳೆಯ ಕೆಲಸಗಾರ ಸಣ್ಣಬೀರಪ್ಪನಿಂದ ಅಪ್ಪಟ ಕಬ್ಬಿಣದ ಹೊಸ ಸ್ಟ್ಯಾಂಡು ಮಾಡಿಸಿದರು. ಭೂಕಂಪವಾದರೆ ಭೂಮಿ ಅಲುಗಬಹುದು, ಆ ಸ್ಟ್ಯಾಂಡು ಅಲುಗುವಂತಿರಲಿಲ್ಲ. ಅದನ್ನೆತ್ತಲು ನಾಲ್ಕು ಜನ ಬೇಕಾಗಿತ್ತು; ಇಳಿಸಲು ಐವರು.

ಸ್ಟ್ಯಾಂಡು ಸಿದ್ಧವಾದ ದಿನವೇ ಆಯುಧಪೂಜೆ ಬಂತು.

ಕರೂರಿನಲ್ಲಿ ಆಯುಧಪೂಜೆಗೆ ಮಾಲೀಕರು ಯಾರು, ಯಾವ ಜಾತಿ, ಯಾವ ಮತ ಎಂಬ ಲೆಕ್ಕವಿಲ್ಲ, ಯಂತ್ರವಿದ್ದರೆ ಪೂಜೆಯಿದೆ. ಖಾಜಾ ಹುಸೇನರ ವರ್ಕ್‌ಶಾಪಿನಲ್ಲಿಯೂ ಅವರ ತಂದೆಯ ಕಾಲದಿಂದ ನಡೆದುಬಂದ ಪದ್ಧತಿ: ಪೂಜೆ ಸಣ್ಣಬೀರಪ್ಪನದು, ಪೇಢೆ ಮಾಲೀಕರದು. ಅಂದು ಸಣ್ಣಬೀರಪ್ಪ ಹಣೆಗೆ ದಪ್ಪನಾಗಿ ಮೂರು ಗೆರೆ ವಿಭೂತಿ ಬಳಿದುಕೊಂಡು, ತಟ್ಟೆ ಹಿಡಿದು ಹೊರಟ. ಲೇತಿಗೆ ಮೂರು ಗೆರೆ, ಡ್ರಿಲ್ಲಿಂಗ್ ಯಂತ್ರಕ್ಕೆ ಮೂರು ಗೆರೆ, ಮಾಲೀಕರ ಸ್ಕೂಟರಿಗೆ, ತೂಕದ ತಕ್ಕಡಿಗೆ, ಚಹಾ ಕೆಟಲಿಗೆ ಮೂರು ಮೂರು ಗೆರೆ. ಬಾಗಿಲಲ್ಲಿ ಖಾಜಾ ಹುಸೇನರು ಮಂಡಕ್ಕಿ, ಪೇಢೆ ಹಂಚುತ್ತ ನಿಂತಿದ್ದರು. ಒಳಗೆ ಆಫೀಸಿನ ಮೇಜಿನ ಮೇಲೆ ದೂರದರ್ಶಕ ಒಂಟಿಯಾಗಿ ಮಲಗಿತ್ತು.

ಸಣ್ಣಬೀರಪ್ಪ ಆಫೀಸಿನ ಬಾಗಿಲು ತಳ್ಳಿದ. ತಟ್ಟೆ ಕೆಳಗಿಟ್ಟ. ಅತ್ತ ಇತ್ತ ನೋಡಿದ.

ಅಷ್ಟರಲ್ಲಿ ಹೊರಗೆ ಬೂದುಗುಂಬಳಕಾಯಿ ಒಡೆದ ಸದ್ದಾಯಿತು. ಎಲ್ಲರೂ ಅತ್ತ ಓಡಿದರು. ಅವನು ಅಲ್ಲಿ ಏನು ಮಾಡಿದನೆಂಬುದು ಯಾರ ಕಣ್ಣಿಗೂ ಬೀಳಲಿಲ್ಲ.

ಹಬ್ಬ ಕಳೆದ ಮೊದಲ ಸಂಜೆ, ಮಗ್ರಿಬ್ ನಮಾಜು ಮುಗಿಸಿ ಖಾಜಾ ಹುಸೇನರು ಮನೆಯ ತಾರಸಿ ಹತ್ತಿದರು. ಸ್ಟ್ಯಾಂಡೂ ದೂರದರ್ಶಕವೂ ಆಗಲೇ ಮೇಲೇರಿದ್ದವು. ಪೂರ್ವದಲ್ಲಿ ಒಂದು ಹಳದಿ ಚುಕ್ಕೆ ನಿಶ್ಚಲವಾಗಿ ಬೆಳಗುತ್ತಿತ್ತು. ಮೊಬೈಲಿನ ನಕ್ಷತ್ರ ಆ್ಯಪನ್ನು ತೆರೆದು, ಫೋನನ್ನು ಭದ್ರವಾಗಿರಲೆಂದು ಕಬ್ಬಿಣದ ಸ್ಟ್ಯಾಂಡಿನ ಮೇಲೆಯೇ ಇಟ್ಟರು. ಕ್ವಿಂಟಲ್‌ಗಟ್ಟಲೆ ಕಬ್ಬಿಣದ ಮೇಲೆ ಕೂತ ಮೊಬೈಲಿನ ದಿಕ್ಸೂಚಿ ಯಾವ ದಿಕ್ಕನ್ನು ತಾನೇ ತೋರಿಸೀತು? ಅದು ಪೂರ್ವವನ್ನು ಪಶ್ಚಿಮವೆಂದು ತಿಳಿದು, ಹಳದಿ ಚುಕ್ಕೆಯ ಜಾಗದಲ್ಲಿ ಏನೂ ಇಲ್ಲವೆಂದೂ, ಶನಿಗ್ರಹ ಹರಿಹರದ ದಿಕ್ಕಿನಲ್ಲಿ ಇದೆಯೆಂದೂ ತೀರ್ಪು ಕೊಟ್ಟಿತು. ಹರಿಹರ ಅವರ ಮಾವನ ಮನೆ. ಖಾಜಾ ಹುಸೇನರು ಆ ತೀರ್ಪನ್ನು ಸಂಶಯಿಸಲಿಲ್ಲ.

ಹಾಗಾದರೆ ಎದುರಿಗಿರುವುದು ಏನು?

ಮುಚ್ಚಳ ತೆಗೆದರು, ಎಂದಿನಂತೆ ಮುಖ ತಿರುಗಿಸಿಕೊಂಡು. ಕ್ಯಾಮೆರಾ ಜೋಡಿಸಿದರು. ಕನ್ನಡಕ ಏರಿಸಿದರು, ಉಸಿರು ಬಿಗಿಹಿಡಿದರು, ಬಿಸ್ಮಿಲ್ಲಾ ಎಂದರು. ಚುಕ್ಕೆ ಹಾರಿಹೋಗಲಿಲ್ಲ! ಪರದೆಯ ಮೇಲೆ ಚಿತ್ರ ಮೂಡಿತು. ಖಾಜಾ ಹುಸೇನರು ಕೂಗಿದ ಕೂಗಿಗೆ ಕೆಳಗೆ ದಿಲ್ಷಾದ್ ಬೇಗಂ ಕೈಯಲ್ಲಿದ್ದ ರೊಟ್ಟಿ ಹಿಟ್ಟನ್ನು ಬಿಟ್ಟು ಓಡಿಬಂದರು.

ಚಿತ್ರದ ನಡುವೆ ಉರಿಯುವ ಒಂದು ಬೆಳಕಿನ ಉಂಡೆ. ಅದರಿಂದ ಹೊರಟು ಚಿತ್ರದ ಉದ್ದಕ್ಕೂ ಹಬ್ಬಿದ ಬೆಳ್ಳನೆಯ, ನೀಳವಾದ, ನಿಸ್ಸಂದೇಹವಾದ ಬಾಲ.

“ಧೂಮಕೇತು!” ಎಂದರು ಖಾಜಾ ಹುಸೇನರು. “ಆ್ಯಪಿನಾಗೂ ಇಲ್ಲ. ಅಂದ್ರೆ ಯಾರೂ ನೋಡಿಲ್ಲ. ನಾನೇ ಮೊದ್ಲು!”

ದಿಲ್ಷಾದ್ ಬೇಗಂ ಬಹಳ ಹೊತ್ತು ನೋಡಿದರು. “ಮತ್ತೆ ಬಾಲಾನೇ ಬಂದೈತಲ್ರಿ,” ಎಂದರು ಮೆಲ್ಲಗೆ.

“ಇದಕ್ಕೆ ಬಾಲ ಇರಲೇಬೇಕು! ಬಾಲ ಇದ್ರೇನೇ ಇದು! ಕಂಡೋರ ಹೆಸರು ಇದಕ್ಕೆ ಇಡ್ತಾರೆ ಗೊತ್ತೇನು? ನನ್ ಹೆಸರು ಬ್ಯಾಡ. ನಿನ್ ಹೆಸರು ಇಡ್ತೀನಿ. ಧೂಮಕೇತು ದಿಲ್ಷಾದ್!”

ಮದುವೆಯಾದಂದಿನಿಂದ ದಿಲ್ಷಾದ್ ಬೇಗಂ ಹೆಸರು ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಬೇರೆಲ್ಲಿಯೂ ಬರೆಯಲ್ಪಟ್ಟಿರಲಿಲ್ಲ. ಅವರು ಗಂಡನ ಕನ್ನಡಕವನ್ನು ಹಣೆಯಿಂದ ತೆಗೆದುಕೊಂಡು, ಈ ಸಲ ಬಹಳ ನಿಧಾನವಾಗಿ ಒರೆಸಿಕೊಟ್ಟರು. ಮರುಗಳಿಗೆಯೇ ಕೆಳಗಿಳಿದು ಹರಿಹರದ ತಾಯಿಗೆ ಫೋನು ಮಾಡಿದರು.

ಬೆಳಗಾಗುವಷ್ಟರಲ್ಲಿ ಸುದ್ದಿ ಸರಸ್ವತಿ ನಗರವನ್ನು ದಾಟಿತ್ತು. ಮೊದಲ ಆಕ್ಷೇಪಣೆ ಕಾಂಪೌಂಡಿನ ಆಚೆಯಿಂದಲೇ ಬಂತು. ಸೂರಪ್ಪನವರು ಬಟ್ಟೆ ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ಪಂಚಾಂಗ ನೋಡದೆ ಉಗುರನ್ನೂ ಕತ್ತರಿಸದವರು.

“ಸಾಬ್ರೆ, ಬಾಲದ ಚುಕ್ಕಿ ಕಂಡ್ರೆ ಊರಿಗೆ ಒಳ್ಳೇದಲ್ಲ ಅಂತಾರೆ. ಹೋಗಿ ಹೋಗಿ ನಮ್ಮನಿ ಮ್ಯಾಲೆ ಯಾಕ್ರಿ ತಂದಿಟ್ರಿ?”

“ನಾನು ಇಟ್ಟಿಲ್ಲ ಸೂರಪ್ಪನೋರೆ, ಕಂಡೀನಿ ಅಷ್ಟೆ.”

“ನೀವು ಕಾಣೋಮಟ ಅದು ಇರ್ಲಿಲ್ಲಲ್ಲ! ಅದನ್ನ ಸ್ವಲ್ಪ ಆ ಕಡೆ ಸರಿಸಾಕೆ ಬರ್ತೈತೇನು ನೋಡ್ರಿ. ಹರಿಹರದ ಕಡೆ.”

ಸೂರಪ್ಪನವರ ಕೋರಿಕೆ ಬೇರೊಂದು ರೀತಿಯಲ್ಲಿ ಈಡೇರಿತು. ಮಧ್ಯಾಹ್ನಕ್ಕೆ ಅಬ್ರಾರನ ಫೋನು ಬಂತು. ಹರಿಹರದ ರೈಲು ನಿಲ್ದಾಣದ ಬಳಿ ಅವನ ಮನೆ; ಪಕ್ಕದಲ್ಲೇ ಅವನದು ಹಾರ್ಡ್‌ವೇರ್ ಅಂಗಡಿ. ಅಳತೆ ನೋಡದೆ ಒಂದು ಮೊಳೆಯನ್ನೂ ಒಪ್ಪದ ಸ್ವಭಾವ.

“ದೂಲ್ಹಾಭಾಯ್, ಅಮ್ಮಿ ಗಲ್ಲಿ ತುಂಬ ಹೇಳಿಬಿಟ್ಟಾರೆ. ಶುಕ್ರವಾರ ಸಂಜೆ ನಮ್ಮ ತಾರಸಿ ಮೇಲೆ ನಿಮಗೆ ಸನ್ಮಾನ. ಶಾಲು, ಹಾರ, ಎಲ್ಲಾ ಐತೆ. ಒಂದೇ ಶರತ್ತು: ಫೋಟೋ ಬ್ಯಾಡ. ಎಲ್ಲರೂ ಕಣ್ಣಾರೆ ನೋಡಬೇಕು.” ಸ್ವಲ್ಪ ತಡೆದು ಸೇರಿಸಿದ: “ಆಮೇಲೆ ‘ಈಗಷ್ಟೇ ಇತ್ತು’ ಅನ್ನಂಗಿಲ್ಲ.”

ಶುಕ್ರವಾರ ಸಂಜೆ ಒಂದು ಗೂಡ್ಸ್ ಆಟೋ ಕಬ್ಬಿಣದ ಸ್ಟ್ಯಾಂಡಿನ ಭಾರಕ್ಕೆ ಬೆನ್ನು ಬಗ್ಗಿಸಿಕೊಂಡು ಹರಿಹರದ ದಾರಿ ಹಿಡಿಯಿತು. ಹಿಂದೆ ಸ್ಟ್ಯಾಂಡನ್ನು ತಬ್ಬಿ ಕೂತ ಸಣ್ಣಬೀರಪ್ಪ. ಅವನ ಪಕ್ಕದಲ್ಲಿ ಸೂರಪ್ಪನವರು. ಧೂಮಕೇತು ನಿಜವಾಗಿಯೂ ಸರಸ್ವತಿ ನಗರವನ್ನು ಬಿಟ್ಟುಹೋಗುವುದನ್ನು ಕಣ್ಣಾರೆ ಕಂಡು ಬರಲೆಂದು ಅವರು ಹೊರಟಿದ್ದರು. ಮುಂದೆ ಖಾಜಾ ಹುಸೇನರು ದೂರದರ್ಶಕವನ್ನು ಎಳೆಗೂಸಿನಂತೆ ಮಡಿಲಲ್ಲಿಟ್ಟುಕೊಂಡಿದ್ದರು. ದಿಲ್ಷಾದ್ ಬೇಗಂ ಬೆಳಿಗ್ಗೆಯೇ ತವರಿಗೆ ಹೋಗಿಯಾಗಿತ್ತು.

ಅಬ್ರಾರನ ಮನೆಯ ತಿರುವಿನಲ್ಲಿ ಆಟೋ ನಿಂತಾಗ ಖಾಜಾ ಹುಸೇನರ ಎದೆ ಒಮ್ಮೆ ಉಬ್ಬಿತು, ಮರುಕ್ಷಣ ಕುಸಿಯಿತು. ಎರಡು ವಿದ್ಯುತ್ ಕಂಬಗಳ ನಡುವೆ ಭಾರಿ ಫ್ಲೆಕ್ಸ್ ಕಟ್ಟಿದ್ದರು. ಒಂದು ಮೂಲೆಯಲ್ಲಿ ಖಾಜಾ ಹುಸೇನರ ಅಂಚೆಚೀಟಿಯಷ್ಟು ಭಾವಚಿತ್ರ, ನಡುವೆ ಬೆಂಕಿ ಉಗುಳುವ ಬಾಲದ ನಕ್ಷತ್ರ, ಅದರ ಮೇಲೆ ಆಳೆತ್ತರದ ಅಕ್ಷರಗಳಲ್ಲಿ: “ಹರಿಹರದ ಮಗಳು ಆಕಾಶದಲ್ಲಿ! ಧೂಮಕೇತು ದಿಲ್ಷಾದ್‌ಗೆ ಹೃತ್ಪೂರ್ವಕ ಅಭಿನಂದನೆಗಳು.”

ಇನ್ನು ಬಾಲ ಕಾಣಿಸದಿದ್ದರೆ ಹೋಗುವುದು ಅವರ ಮರ್ಯಾದೆಯಲ್ಲ. ಆ ಫ್ಲೆಕ್ಸಿನ ಕೆಳಗೆ ಹೊಸ ಸೀರೆಯುಟ್ಟು ನಿಂತು, ಬಂದವರಿಗೆಲ್ಲ ಶರಬತ್ತು ಕೊಡುತ್ತಿದ್ದ ದಿಲ್ಷಾದ್ ಬೇಗಂರದು.

ತಾರಸಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಇಡೀ ಗಲ್ಲಿ ಅಲ್ಲಿತ್ತು. ಮುಂದಿನ ಕುರ್ಚಿಯಲ್ಲಿ ಅತ್ತೆ ಖತೀಜಾಬೀ, ರಾಜಮಾತೆಯ ಭಂಗಿಯಲ್ಲಿ. ಸ್ಟ್ಯಾಂಡು ಮೇಲೇರಿತು, ದೂರದರ್ಶಕ ಕೂತಿತು, ಖಾಜಾ ಹುಸೇನರು ಮುಖ ತಿರುಗಿಸಿ ಮುಚ್ಚಳ ತೆಗೆದರು. ಪೂರ್ವದಲ್ಲಿ ಹಳದಿ ಚುಕ್ಕೆ ನಿಯತ್ತಾಗಿ ಕಾದಿತ್ತು. ಅವರು ಇಣುಕಿದರು. ಬಾಲ ಇತ್ತು! ಅಲ್ಲಾನ ದಯೆ, ಬಾಲ ಇತ್ತು.

“ನೋಡು ಬಾ,” ಎಂದರು ಅಬ್ರಾರನಿಗೆ, ಒಂದು ಸಾಮ್ರಾಜ್ಯವನ್ನು ದಾನ ಮಾಡುವ ಧ್ವನಿಯಲ್ಲಿ.

ಅಬ್ರಾರ್ ಬಗ್ಗಿ ಕಣ್ಣಿಟ್ಟ. ಎಲ್ಲರೂ ಉಸಿರು ಹಿಡಿದರು. ಅವನ ಹೆಗಲು ತಾಗಿ ಸ್ಟ್ಯಾಂಡಿನ ತಿರುಪು ಸಡಿಲವಾಯಿತು. ದೂರದರ್ಶಕದ ಮೂತಿ ಸದ್ದಿಲ್ಲದೆ ಆಕಾಶದಿಂದ ಕೆಳಗಿಳಿಯತೊಡಗಿತು. ಅಬ್ರಾರನಿಗೂ ಅದು ತಿಳಿಯಲಿಲ್ಲ.

“ಐತೆ!” ಎಂದು ಕಿರುಚಿದ ಅವನು. “ಬಾಲ ಐತೆ! ಆದ್ರೆ... ದೂಲ್ಹಾಭಾಯ್, ಇದು ಕೆಂಪಗೈತಲ್ರಿ!”

ಗೌರವದ ಅಮಲಿನಲ್ಲಿದ್ದ ಖಾಜಾ ಹುಸೇನರು ಕಣ್ಣೂ ಹಾಯಿಸದೆ ಘೋಷಿಸಿದರು: “ಅದು ಎರಡನೇದು ಇರಬೇಕು. ಅವು ಜೋಡಿಯಾಗೇ ಓಡಾಡ್ತಾವೆ.”

ತಾರಸಿಯಲ್ಲಿ ಚಪ್ಪಾಳೆ ಸಿಡಿಯಿತು. ಯಾರೋ ಕೂಗಿದರು, “ಎರಡನೇದಕ್ಕೆ ಖತೀಜಾ ಅಮ್ಮಿ ಹೆಸರಿಡ್ರಿ!” ಖತೀಜಾಬೀ ಕೈಯೆತ್ತಿ ಆ ಗೌರವವನ್ನು ಸ್ವೀಕರಿಸಿದರು. ಸೂರಪ್ಪನವರು, “ಒಂದೇ ಅಂತ ಕರ್ಕಂಡ್ ಬಂದು ಎರಡು ತೋರಿಸ್ತೀರಲ್ರಿ!” ಎಂದು ಮೆಟ್ಟಿಲ ಕಡೆಗೆ ಹೊರಟರು.

“ತಡೀರಿ, ತಡೀರಿ,” ಎಂದ ಅಬ್ರಾರ್. “ಹಸಿರಾತು!”

ಮಾತು ಮುಗಿಯುವಷ್ಟರಲ್ಲಿ ಕೆಳಗೆ ನಿಲ್ದಾಣದ ಕಡೆಯಿಂದ ಉದ್ದನೆಯ ಸೀಟಿ ಕೇಳಿಸಿತು. ಖತೀಜಾಬೀಯವರ ಹೆಸರಿನ ಧೂಮಕೇತು ಹುಬ್ಬಳ್ಳಿ ಗಾಡಿಗೆ ದಾರಿ ಬಿಟ್ಟಿತ್ತು.

ಅಬ್ರಾರ್ ನಿಧಾನವಾಗಿ ತಲೆಯೆತ್ತಿ ದೂರದರ್ಶಕದ ಮೂತಿ ಯಾವ ಕಡೆಗಿದೆಯೆಂದು ನೋಡಿದ. ಮತ್ತೆ ಬಗ್ಗಿದ. ಮೂತಿಯನ್ನು ಬೀದಿದೀಪದ ಕಡೆಗೆ ತಿರುಗಿಸಿದ. “ಇದಕ್ಕೂ ಬಾಲ ಐತೆ.” ಮೊಬೈಲ್ ಟವರಿನ ದೀಪಕ್ಕೆ ತಿರುಗಿಸಿದ. “ಇದಕ್ಕೂ ಐತೆ.” ಎದುರು ಮನೆಯ ಜಗಲಿಯಲ್ಲಿ ಯಾರೋ ಬೀಡಿ ಸೇದುತ್ತಿದ್ದರು. “ಅವ್ನ ಬೀಡಿಗೂ ಬಾಲ ಐತೆ ದೂಲ್ಹಾಭಾಯ್!”

ಮೊದಲು ಒಬ್ಬರು ನಕ್ಕರು. ಆಮೇಲೆ ಇಡೀ ತಾರಸಿ. ಖಾಜಾ ಹುಸೇನರು ನಗುವವರನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದರು. ದಿಲ್ಷಾದ್ ಬೇಗಂ ಶರಬತ್ತಿನ ತಟ್ಟೆಯನ್ನು ಕಟ್ಟೆಯ ಮೇಲೆ ಇಡುತ್ತಿದ್ದರು. ಕೆಳಗೆ ಫ್ಲೆಕ್ಸಿನಲ್ಲಿ ಅವರ ಹೆಸರು ಗಾಳಿಗೆ ಪಟಪಟ ಬಡಿಯುತ್ತಿತ್ತು.

ದಿಲ್ಷಾದ್ ಬೇಗಂ ನೇರವಾಗಿ ಗಂಡನ ಮುಂದೆ ಬಂದು ನಿಂತರು. ಕೈ ಚಾಚಿ ಅವರ ಕನ್ನಡಕವನ್ನು ಎಳೆದುಕೊಂಡರು. ಸೆರಗಿನಲ್ಲಿ ಉಜ್ಜತೊಡಗಿದರು. ಉಜ್ಜುತ್ತ ಉಜ್ಜುತ್ತ, ಕೈ ತಟ್ಟನೆ ನಿಂತಿತು. ಕನ್ನಡಕವನ್ನು ದೀಪಕ್ಕೆ ಹಿಡಿದು ನೋಡಿದರು. ಅಲ್ಲಿಂದ ದೂರದರ್ಶಕವನ್ನು ನೋಡಿದರು.

“ಇದರ ಗಾಜು ಯಾವಾಗ ಒರೆಸಿದ್ರಿ?”

“ಮುಟ್ಟಬಾರ್ದು ಅದನ್ನ! ಕಾನೂನೈತೆ!”

“ನೋಡಿದ್ರಾ?”

“ನೋಡಾದು ಎಂಥದು... ನಾನು ಮುಖ ತಿರುಗಿಸ್ಕಂತೀನಿ.”

ದಿಲ್ಷಾದ್ ಬೇಗಂ ಮೊಬೈಲಿನ ಬೆಳಕು ಹೊತ್ತಿಸಿ ಮಸೂರದ ಮುಂದೆ ಹಿಡಿದರು. ಎಲ್ಲರೂ ಮುನ್ನುಗ್ಗಿದರು. ಗಾಜಿನ ಮೇಲೆ, ಈ ಅಂಚಿನಿಂದ ಆ ಅಂಚಿಗೆ, ಎಣ್ಣೆ ಸವರಿದಂತೆ ಮಸುಕು ಮಸುಕಾದ ಮೂರು ಅಡ್ಡಗೆರೆಗಳು.

ಆ ಮೂರು ಗೆರೆಗಳನ್ನು ನೋಡಿದ ಕಣ್ಣುಗಳು ಒಂದೊಂದಾಗಿ ಹಿಂದಕ್ಕೆ ತಿರುಗಿ, ಸ್ಟ್ಯಾಂಡಿನ ಪಕ್ಕದಲ್ಲಿ ನಿಂತಿದ್ದ ಸಣ್ಣಬೀರಪ್ಪನ ಹಣೆಯ ವಿಭೂತಿಯ ಮೇಲೆ ಬಂದು ನಿಂತವು. ಸಣ್ಣಬೀರಪ್ಪ ಟವೆಲ್ಲನ್ನು ಹಣೆಯ ಮೇಲಕ್ಕೆ ಎಳೆದುಕೊಂಡ.

“ಹಬ್ಬದ ದಿವ್ಸ ಅದೊಂದನ್ನೇ ಹೆಂಗೆ ಬಿಡಾದ್ರಿ ಮಾಲಕ್ರೆ?” ಎಂದ. “ಮುಚ್ಚಳಕ್ಕೆ ಹಚ್ಚಿದ್ರೆ ಪೂಜೆ ಮುಚ್ಚಳಕ್ಕೆ ಆಗ್ತೈತೆ, ಯಂತ್ರಕ್ಕೆ ಆಗಲ್ಲ. ಅದಕ್ಕೆ ಬಿಚ್ಚಿ ಹಚ್ಚಿದೆ. ಆಮ್ಯಾಲೆ ನೀವು ಬೈತೀರಂತ ನೆನಪಾತು. ಒರೆಸಿಬಿಟ್ಟೆ.”

“ಯಾತರಾಗೆ ಒರೆಸಿದೆ?” ಎಂದರು ಖಾಜಾ ಹುಸೇನರು.

“ಲೇತ್ ಒರೆಸೋ ಬಟ್ಟೆಯಾಗೆ.”

ದಿಲ್ಷಾದ್ ಬೇಗಂ ಮಸೂರದ ಬಳಿ ಬಾಯಿ ತಂದು ಹಾ ಎಂದು ಉಸಿರು ಬಿಟ್ಟರು.

“ದಿಲ್ಷಾದ್! ಮುಟ್ಟಬ್ಯಾಡ!”

“ನಿಮ್ ಕನ್ನಡಕ ದಿನಾ ಒರೆಸ್ತೀನಿ. ಒಂದ್ ದಿನ ಆದ್ರೂ ಗೀರು ಬಿದ್ದೈತೇನು? ಸುಮ್ಕಿರ್ರಿ.”

ಖಾಜಾ ಹುಸೇನರು ಕಣ್ಣು ಮುಚ್ಚಿಕೊಂಡರು. ಹೆಂಡತಿ ಕನ್ನಡಕದ ಡಬ್ಬಿಯಿಂದ ಮೆತ್ತನೆಯ ಬಟ್ಟೆ ತೆಗೆದು, ಒಲೆಯ ಮೇಲಿನ ಹಾಲಿನ ಕೆನೆ ಸರಿಸುವಷ್ಟು ಹಗುರಾಗಿ, ಮತ್ತೆ ಮತ್ತೆ ಉಸಿರು ಬಿಟ್ಟು ಒರೆಸಿದರು. ಆಮೇಲೆ ಮೂತಿಯನ್ನು ಮೇಲೆತ್ತಿ ಪೂರ್ವದ ಹಳದಿ ಚುಕ್ಕೆಗೆ ಹಿಡಿದರು. ಸಣ್ಣಬೀರಪ್ಪ ಯಾರೂ ಹೇಳದೆಯೇ ತಿರುಪು ಬಿಗಿದ. ದಿಲ್ಷಾದ್ ಬೇಗಂ ಬಗ್ಗಿ ಇಣುಕಿದರು.

“ಬಾಲ ಇಲ್ಲ,” ಎಂದರು.

ಅಬ್ರಾರ್ ನಿಟ್ಟುಸಿರಿಟ್ಟ. ಕೆಲವರು ಮೆಟ್ಟಿಲ ಕಡೆ ಹೆಜ್ಜೆ ಹಾಕಿದರು.

ದಿಲ್ಷಾದ್ ಬೇಗಂ ಮಾತ್ರ ತಲೆಯೆತ್ತಲಿಲ್ಲ. ಇಣುಕಿಯೇ ಇದ್ದರು. ಬಹಳ ಹೊತ್ತು ಇಣುಕಿಯೇ ಇದ್ದರು.

“ಏನಾತೇ?” ಎಂದರು ಖತೀಜಾಬೀ.

“ಅಮ್ಮಿ, ಇದಕ್ಕೆ ಉಂಗುರ ಐತೆ!”

ಖಾಜಾ ಹುಸೇನರು ಕಣ್ಣು ತೆರೆದರು. ಓಡಿಬಂದು ಇಣುಕಿದರು. ಕಪ್ಪು ಮಖಮಲ್ಲಿನ ಮೇಲೆ ಪುಟ್ಟದೊಂದು ಹೊಂಬಣ್ಣದ ಗುಂಡು. ಅದರ ನಡುವನ್ನು ಸುತ್ತಿ, ಅಕ್ಕಸಾಲಿಗ ಎಳೆದ ತಂತಿಯಂತೆ ತೆಳ್ಳಗಿನ ಒಂದು ಉಂಗುರ. ಅಬ್ರಾರ್ ದೂರ ನಿಂತು, ಕಬ್ಬಿಣದ ಗಾಳಿ ಸೋಕದ ತನ್ನ ಮೊಬೈಲನ್ನು ಆಕಾಶಕ್ಕೆ ಹಿಡಿದ. ಅದರ ಪರದೆಯ ಮೇಲೆ ಹೆಸರು ಸ್ಪಷ್ಟವಾಗಿ ಮೂಡಿತು.

“ಶನಿ ಗ್ರಹ,” ಎಂದು ಓದಿದ.

ಮೆಟ್ಟಿಲ ಬಳಿಯೇ ಉಳಿದಿದ್ದ ಸೂರಪ್ಪನವರು ತಲೆಯ ಮೇಲೆ ಕೈಯಿಟ್ಟುಕೊಂಡರು. “ಸಾಬ್ರೆ! ಹೆಂಡ್ತಿ ಹೆಸರು ತಗಂಡ್ ಹೋಗಿ ಶನೀಶ್ವರಗೆ ಇಟ್ರಲ್ರಿ!”

ಎಲ್ಲರ ದೃಷ್ಟಿ ದಿಲ್ಷಾದ್ ಬೇಗಂ ಕಡೆಗೆ ತಿರುಗಿತು. ಅವರು ಸೊಂಟದ ಮೇಲೆ ಕೈಯಿಟ್ಟು, ಹರಿಹರದ ಮಗಳಿಗೆ ತಕ್ಕ ಗತ್ತಿನಲ್ಲಿ ತಿರುಗಿ ನಿಂತರು.

“ಬಾಲ ಹೋದ್ರೆ ಹೋತು. ಬಾಲ ನಿಮ್ಮ ಬೀಡಿಗೂ ಇತ್ತು, ರೈಲಿನ ದೀಪಕ್ಕೂ ಇತ್ತು. ಉಂಗುರ ಯಾತಕ್ಕೈತೆ, ಹೇಳ್ರಿ ನೋಡಾನ? ಈ ಗಲ್ಲಿಯಾಗೆ ಯಾರ ಗಂಡ ಹೆಂಡ್ತಿಗೆ ಇಷ್ಟು ದೊಡ್ಡ ಉಂಗುರ ತೋರಿಸಿದ್ದಾನೆ? ಸಾಲಾಗಿ ಬರ್ರಿ. ತಳ್ಳಾಡಬ್ಯಾಡ್ರಿ. ಗಾಜು ಯಾರೂ ಮುಟ್ಟಂಗಿಲ್ಲ.”

ಸಾಲು ನಿಂತಿತು. ತಾರಸಿಯಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಗಲ್ಲಿಗೆ, ಫ್ಲೆಕ್ಸಿನ ಕೆಳಗಿನವರೆಗೆ ಬೆಳೆಯಿತು. ನೋಡಿ ಇಳಿದವರು ಕೆಳಗೆ ಹೋಗಿ ಮನೆಯವರನ್ನು ಕರೆತಂದರು. ಖತೀಜಾಬೀ ನೋಡಿ, “ಸುಬಹಾನಲ್ಲಾ” ಎಂದು ಕೆನ್ನೆ ಮುಟ್ಟಿಕೊಂಡರು. ಅಳಿಯನಿಗೆಂದು ತಂದ ಶಾಲನ್ನು ಅಲ್ಲಿಯೇ ಬಿಚ್ಚಿ ಮಗಳಿಗೆ ಹೊದಿಸಿದರು. ಹಾರ ಮಾತ್ರ ಅಳಿಯನ ಪಾಲಿಗೆ ಉಳಿಯಿತು. ಶನಿಯನ್ನು ನೋಡಿದರೆ ಶನಿಯೂ ನಮ್ಮನ್ನು ನೋಡುತ್ತಾನೆಂದು ಗೋಡೆಗೆ ಮುಖಮಾಡಿ ನಿಂತಿದ್ದ ಸೂರಪ್ಪನವರು ಸಾಲಿನಲ್ಲಿ ಎರಡನೆಯ ಸಲ ಕಾಣಿಸಿಕೊಂಡಾಗ, “ಆಗ ಎಡಗಣ್ಣಿನಾಗೆ ನೋಡಿದ್ದೆ,” ಎಂದು ಸಮಜಾಯಿಷಿ ಕೊಟ್ಟರು. ಸಣ್ಣಬೀರಪ್ಪ ಇಣುಕುವ ಮುಂಚೆ ಚಪ್ಪಲಿ ಬಿಟ್ಟ.

ಸಾಲು ಕರಗಿದ ಮೇಲೆ ಖಾಜಾ ಹುಸೇನರು ಕ್ಯಾಮೆರಾ ಜೋಡಿಸಿದರು. ಕನ್ನಡಕ ಏರಿಸಿದರು. ಉಸಿರು ಬಿಗಿಹಿಡಿದರು. ಬಿಸ್ಮಿಲ್ಲಾ ಎಂದರು. ಪರದೆಯ ಮೇಲೆ ಚಿತ್ರ ಮೂಡಿದಾಗ ಸುತ್ತಲೂ ತಲೆಗಳು ಕೂಡಿದವು. ಉಂಗುರ ತೊಟ್ಟ ಶನಿ ಅಂಚಿಗೆ ಓಡದೆ, ಚೌಕಟ್ಟಿನ ನಟ್ಟನಡುವೆ, ಇಡಿಯಾಗಿ ಕೂತಿದ್ದ.

ಅಬ್ರಾರ್ ಚಿತ್ರವನ್ನು ಹತ್ತಿರದಿಂದ ನೋಡಿದ, ದೂರದಿಂದ ನೋಡಿದ. ಕೈಕಟ್ಟಿ ನಿಂತ. ಎಷ್ಟೋ ಹಬ್ಬಗಳ ಅಭ್ಯಾಸ ಅವನ ನಾಲಿಗೆಯ ತುದಿಗೆ ಬಂದು ನಿಂತಿತ್ತು; ಆದರೆ ಕೇಳಬೇಕಾದ ಪ್ರಶ್ನೆ ಇಂದು ತಲೆಕೆಳಗಾಗಿತ್ತು.

“ದೂಲ್ಹಾಭಾಯ್,” ಎಂದ ಕೊನೆಗೆ, “ಬಾಲ ಎಲ್ರಿ?”

ಖಾಜಾ ಹುಸೇನರು ಕುತ್ತಿಗೆಯ ಹಾರವನ್ನು ಸರಿಪಡಿಸಿಕೊಂಡು, ಶಾಲು ಹೊದ್ದ ಹೆಂಡತಿಯ ಕಡೆಗೊಮ್ಮೆ ನೋಡಿದರು.

“ಈಗಷ್ಟೇ ಇತ್ತು,” ಎಂದರು.